ಒದ್ದೆಯಾದ ಕಾಗದಗಳು, ಚರ್ಚ್ ಆಫೀಸಿನ ಮೊದಲ ವಾರ: ಎರಡಕ್ಕೂ ಸಲಹೆ ಬೇಕು

ಮಳೆಬಿಲ್ಲು
ತುರ್ತಾಗಿ ಕೇಳುತ್ತಿದ್ದೇನೆ. ರಾತ್ರಿ ಎಲ್ಲರೂ ಮಲಗಿದ್ದಾಗ ವಾಷಿಂಗ್ ಮೆಷಿನ್‌ಗೆ ನೀರು ಬರುವ ಪೈಪ್ ಸೀಳಿಕೊಂಡಿತು. ಬೆಳಿಗ್ಗೆ ಎದ್ದಾಗ ಕೋಣೆಯ ತುಂಬ ನೀರು. ಮಂಚದ ಕೆಳಗಿದ್ದ ಟ್ರಂಕಿನೊಳಗೂ ನೀರು ಹೋಗಿದೆ. ಅದರಲ್ಲಿ ಅಮ್ಮನ ಜ್ಞಾನಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್, ಅಪ್ಪ ಬರೆದ ಪತ್ರಗಳು, ಒಂದು ಫೋಟೋ ಆಲ್ಬಮ್, ನುಣುಪು ಕಾಗದದ ಬಣ್ಣಬಣ್ಣದ ಒಂದು ದಪ್ಪ ಪುಸ್ತಕ ಇವೆ. ಎಲ್ಲವೂ ತೊಯ್ದಿವೆ. ಬಿಸಿಲಿಗೆ ಹಾಕಲಾ? ಇಸ್ತ್ರಿ ಮಾಡಲಾ?

ಎರಡನೇ ವಿಷಯ. ಈ ಸೋಮವಾರದಿಂದ ಒಂದು ಕಥೋಲಿಕ ಚರ್ಚಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಇದಕ್ಕೂ ಮುಂಚೆ ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಇಲ್ಲಿ ಕೆಲಸವೇ ಬೇರೆ. ಫೋನ್, ರಿಜಿಸ್ಟರ್, ಪೂಜೆಯ ಕೋರಿಕೆ ಬರೆದುಕೊಳ್ಳುವುದು, ಸರ್ಟಿಫಿಕೇಟ್ ಕೇಳಿಕೊಂಡು ಬರುವವರು. ಚೆನ್ನಾಗಿ ಮಾಡಬೇಕು ಅಂತ ತುಂಬ ಆಸೆ ಇದೆ. ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ನೀರಗಂಟಿ
ಅಕ್ಕ, ಕಾಗದಕ್ಕಿಂತ ಮೊದಲು ಕರೆಂಟ್ ನೋಡಿ. ನೆಲದ ಮೇಲೆ ನೀರಿದ್ದಾಗ ಎಕ್ಸ್‌ಟೆನ್ಷನ್ ಬೋರ್ಡ್ ಕೆಳಗೆ ಬಿದ್ದಿದ್ದರೆ ಆ ಕೋಣೆಗೆ ಕಾಲಿಡಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅದು ಕೂಡ ಒಣಗಿದ ಜಾಗದಲ್ಲಿ ನಿಂತು ಕೈಗೆ ಸಿಗುವಂತಿದ್ದರೆ ಮಾತ್ರ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಸಿ. ಮೆಷಿನ್ ಒಳಗೆ ನೀರು ಹೋಗಿದೆಯಾ ಅಂತ ತೋರಿಸದೆ ಮತ್ತೆ ಹಾಕಬೇಡಿ.

ಪೈಪ್ ಯಾಕೆ ಸೀಳುತ್ತದೆ ಅಂದರೆ, ಮೆಷಿನ್ ನಿಂತಿದ್ದರೂ ನಲ್ಲಿ ತೆರೆದಿದ್ದರೆ ಪೈಪಿನೊಳಗೆ ಹಗಲೂ ರಾತ್ರಿ ಒತ್ತಡ ಇದ್ದೇ ಇರುತ್ತದೆ. ರಬ್ಬರ್ ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮೆಷಿನ್ನನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಪೈಪ್ ಮಡಚಿಕೊಂಡ ಜಾಗದಲ್ಲಿ ಇನ್ನೂ ಬೇಗ ಹೋಗುತ್ತದೆ. ಇದು ನಿಮ್ಮ ತಪ್ಪಲ್ಲ, ಬಹಳ ಮನೆಗಳಲ್ಲಿ ಆಗುವಂಥದ್ದು. ಹೊಸ ಪೈಪ್ ಹಾಕುವಾಗ ಹೊರಗೆ ಸ್ಟೀಲ್ ಹೆಣಿಗೆ ಇರುವುದನ್ನು ತೆಗೆದುಕೊಳ್ಳಿ. ಎರಡೂ ತುದಿಯ ವಾಷರ್ ಹೊಸದಿರಲಿ. ಪ್ಲಾಸ್ಟಿಕ್ ನಟ್ ಇದ್ದರೆ ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್‌ನಿಂದ ಜಾಸ್ತಿ ತಿರುಗಿಸಿದರೆ ಅದೇ ಒಡೆಯುತ್ತದೆ. ಬಟ್ಟೆ ಒಗೆದಾದ ಮೇಲೆ ನಲ್ಲಿ ಮುಚ್ಚುವ ಅಭ್ಯಾಸ ಇಟ್ಟುಕೊಂಡರೆ ಸಾಕು, ಪೈಪಿಗೆ ಏನಾದರೂ ರಾತ್ರಿಯೆಲ್ಲ ನೀರು ಹರಿಯುವುದಿಲ್ಲ.

ಹಳೆ ಕಾಗದ
ನಾನು ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ದುರಸ್ತಿ ವಿಭಾಗದಲ್ಲಿದ್ದವನು. ಬಿಸಿಲೂ ಬೇಡ, ಇಸ್ತ್ರಿಯೂ ಬೇಡ, ಕೂದಲು ಒಣಗಿಸುವ ಡ್ರೈಯರ್ ಕೂಡ ಬೇಡ. ಬಿಸಿ ತಾಗಿದರೆ ಕಾಗದ ಸುರುಟುತ್ತದೆ, ಫೋಟೋ ಹಾಳಾಗುತ್ತದೆ. ಬೇಕಾಗಿರುವುದು ಗಾಳಿ. ಫ್ಯಾನ್ ಹಾಕಿ, ಆದರೆ ಗಾಳಿ ನೇರವಾಗಿ ಕಾಗದದ ಮೇಲೆ ಬೀಸದಿರಲಿ. ಕಿಟಕಿ ತೆರೆದಿಡಿ.

ಸಮಯ ಕಡಿಮೆ ಇದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಒದ್ದೆ ಕಾಗದಕ್ಕೆ ಸುಮಾರು 48 ಗಂಟೆಯಲ್ಲಿ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಹಾಗಾಗಿ ಮೊದಲು ಯಾವುದನ್ನು ಉಳಿಸಬೇಕು ಅಂತ ಈಗಲೇ ತೀರ್ಮಾನ ಮಾಡಿ. ಬೇರೆಲ್ಲೂ ಸಿಗದಿರುವುದು ಮೊದಲು: ಅಪ್ಪನ ಪತ್ರಗಳು ಮತ್ತು ಫೋಟೋಗಳು. ಸರ್ಟಿಫಿಕೇಟ್‌ನ ಮೂಲ ದಾಖಲೆ ಚರ್ಚಿನ ರಿಜಿಸ್ಟರಿನಲ್ಲಿರುತ್ತದೆ, ಆದ್ದರಿಂದ ಅದು ಆಮೇಲೆ.

ಪತ್ರಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಎಳೆಯಬೇಡಿ. ಒದ್ದೆ ಕಾಗದಕ್ಕೆ ಶಕ್ತಿಯೇ ಇರುವುದಿಲ್ಲ. ತೆಳ್ಳನೆ ಪ್ಲಾಸ್ಟಿಕ್ ಹಾಳೆಯನ್ನು ಮೇಲಿನ ಪತ್ರದ ಮೇಲೆ ಮೆಲ್ಲಗೆ ಒತ್ತಿ. ಪತ್ರ ಆ ಹಾಳೆಗೆ ಹಿಡಿದುಕೊಳ್ಳುತ್ತದೆ, ಹಾಳೆಯ ಸಮೇತ ಮೂಲೆಯಿಂದ ಎತ್ತಬಹುದು. ಬಿಡಿಸಿದ ಪತ್ರವನ್ನು ಬಿಳಿ ಹತ್ತಿ ಬಟ್ಟೆಯ ಮೇಲೋ ಏನೂ ಮುದ್ರಿಸದ ಹಾಳೆಯ ಮೇಲೋ ಹರಡಿ. ಹಳೆ ಪೇಪರ್ ಮೇಲೆ ಹಾಕಬೇಡಿ, ಅದರ ಮಸಿ ಇದಕ್ಕೆ ಹತ್ತುತ್ತದೆ. ಕೆಳಗಿನ ಹಾಳೆ ಒದ್ದೆಯಾದಂತೆ ಬದಲಾಯಿಸುತ್ತಿರಿ.

ಫೋಟೋಗಳ ಮುಖದ ಕಡೆ ಬೆರಳು ತಾಗಿಸಬೇಡಿ. ಮೇಲೆ ಕೆಸರಿದ್ದರೆ ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಮುಖ ಮೇಲಾಗಿ ಒಂದೊಂದನ್ನೇ ಹರಡಿ. ಅಂಟಿಕೊಂಡಿದ್ದರೆ ಒಣಗಲು ಬಿಡಬೇಡಿ, ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಎಷ್ಟೋ ಸಲ ತಾವೇ ಬಿಡುತ್ತವೆ.

ನುಣುಪು ಕಾಗದದ ಪುಸ್ತಕ ಬೇರೆ ಕಥೆ. ಆ ನುಣುಪು ಒಂದು ಲೇಪನ. ಒದ್ದೆಯಾಗಿ ಒಣಗಿದರೆ ಹಾಳೆಗಳೆಲ್ಲ ಸೇರಿ ಒಂದೇ ಇಟ್ಟಿಗೆಯಾಗುತ್ತವೆ, ಮತ್ತೆ ಬಿಡಿಸಲು ಆಗುವುದೇ ಇಲ್ಲ. ಈಗಲೇ ಒಂದೊಂದು ಹಾಳೆಯ ನಡುವೆ ಬಿಳಿ ಕಾಗದ ಇಡಲು ಬಿಡುವಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಇಡಿ. ಫ್ರಿಜ್ಜಿನ ಕೆಳಗಿನ ಭಾಗದಲ್ಲಲ್ಲ, ಮಂಜುಗಡ್ಡೆ ಆಗುವ ಜಾಗದಲ್ಲಿ. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ. ಬಿಡುವಾದಾಗ ತೆಗೆದು ನಿಧಾನವಾಗಿ ಒಣಗಿಸಬಹುದು.

ಧೈರ್ಯ ತಂದುಕೊಳ್ಳಿ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೋ ನದಿ ಉಕ್ಕಿ, ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ, ಪತ್ರಿಕೆಗಳು ಕೆಸರು ನೀರಿನಲ್ಲಿ ಮುಳುಗಿದ್ದವು. ಬೇರೆ ಬೇರೆ ದೇಶಗಳಿಂದ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಅವನ್ನು ಹೊರಗೆ ತಂದರು. ಒದ್ದೆ ಪುಸ್ತಕ ಉಳಿಸುವ ಬಗ್ಗೆ ನಮ್ಮ ಕಸುಬಿನವರಿಗೆ ಇಂದು ಗೊತ್ತಿರುವುದರಲ್ಲಿ ಬಹಳಷ್ಟು ಆಗ ಕಲಿತದ್ದು.

ಮಳೆಬಿಲ್ಲು
ಇಬ್ಬರಿಗೂ ಕೈ ಮುಗಿಯುತ್ತೇನೆ. ಕರೆಂಟ್ ಆಫ್ ಮಾಡಿಸಿಯೇ ಒಳಗೆ ಹೋದೆವು. ಪುಸ್ತಕ ಫ್ರೀಜರ್ ಸೇರಿದೆ. ಪತ್ರಗಳನ್ನು ತಂಗಿ ಬಿಡಿಸುತ್ತಿದ್ದಾಳೆ. ನಾನು ಆಫೀಸಿಗೆ ಹೊರಟಿದ್ದೇನೆ. ಒಂದು ಅನುಮಾನ: ಕೆಲವು ಪತ್ರಗಳಲ್ಲಿ ಅಕ್ಷರ ಹಾಗೇ ಇದೆ, ಕೆಲವದರಲ್ಲಿ ನೀಲಿ ಪೂರ್ತಿ ಹರಡಿಬಿಟ್ಟಿದೆ. ಯಾಕೆ?

ಹಳೆ ಕಾಗದ
ಶಾಯಿಯ ವ್ಯತ್ಯಾಸ ಅಕ್ಕ. ಬಾಲ್ ಪೆನ್ನಿನ ಶಾಯಿಯಲ್ಲಿ ಎಣ್ಣೆಯಂಥ ಅಂಶ ಇರುತ್ತದೆ, ನೀರಿಗೆ ಅಷ್ಟು ಬೇಗ ಬಿಡುವುದಿಲ್ಲ. ತೊಳೆದರೆ ಹೋಗುವ ಫೌಂಟನ್ ಪೆನ್ನಿನ ನೀಲಿ ಶಾಯಿ ನೀರು ಕಂಡ ಕೂಡಲೇ ಹರಡುತ್ತದೆ. ಪ್ರಿಂಟರ್‌ಗಳಲ್ಲೂ ಹೀಗೇ, ಇಂಕ್‌ಜೆಟ್‌ನದ್ದು ಸಾಮಾನ್ಯವಾಗಿ ಕದಡುತ್ತದೆ, ಲೇಸರ್‌ನದ್ದು ನಿಲ್ಲುತ್ತದೆ. ಇದನ್ನು ನಿಮ್ಮ ಹೊಸ ಆಫೀಸಿಗೂ ನೆನಪಿಟ್ಟುಕೊಳ್ಳಿ. ರಿಜಿಸ್ಟರಿನಲ್ಲಿ ಯಾವ ಪೆನ್ನಿನಿಂದ ಬರೆಯುತ್ತಾರೆ, ರಿಜಿಸ್ಟರ್‌ಗಳನ್ನು ಎಲ್ಲಿ ಇಟ್ಟಿದ್ದಾರೆ, ಇವೆರಡನ್ನು ಇವತ್ತೇ ನೋಡಿ ಬನ್ನಿ.

ಗಂಟೆಗೋಪುರ
ಚರ್ಚ್ ಆಫೀಸಿನಲ್ಲಿ ಬಹಳ ವರ್ಷ ಇದ್ದು ನಿವೃತ್ತಿಯಾದವಳು ನಾನು. ಮಗಳೇ ಅಂತ ಕರೆದರೆ ಬೇಜಾರಿಲ್ಲ ಅಲ್ವಾ? ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಈ ಕೆಲಸದ ಜೀವ ಇರುವುದು ರಿಜಿಸ್ಟರಿನಲ್ಲಿ. ಫೋನು, ನೋಟಿಸು, ಲೆಕ್ಕ ಎಲ್ಲ ಇರುತ್ತವೆ, ಅವನ್ನು ಒಂದು ತಿಂಗಳಲ್ಲಿ ಕಲಿಯುತ್ತೀರಿ. ರಿಜಿಸ್ಟರ್ ವಿಷಯದಲ್ಲಿ ಮಾತ್ರ ಮೊದಲ ದಿನದಿಂದಲೇ ಜೋಪಾನ ಬೇಕು.

ಇಂಗ್ಲೆಂಡಿನಲ್ಲಿ 1538ರಲ್ಲೇ ಪ್ರತಿ ಚರ್ಚೂ ಜ್ಞಾನಸ್ನಾನ, ಮದುವೆ, ಸಮಾಧಿ ಬರೆದಿಡಬೇಕು ಅಂತ ಆಜ್ಞೆಯಾಗಿತ್ತು. ನಮ್ಮ ಕಥೋಲಿಕ ಸಭೆಯಲ್ಲಿ ಟ್ರೆಂಟ್ ಊರಿನಲ್ಲಿ ಸೇರಿದ್ದ ಬಿಷಪ್ಪರ ಮಹಾಸಭೆ 1563ರಲ್ಲಿ ಮದುವೆಯ ರಿಜಿಸ್ಟರ್ ಕಡ್ಡಾಯ ಮಾಡಿತು. ಈಗ ನಡೆಯುವುದು ಧರ್ಮಸಭೆಯ 1983ರ ಕಾನೂನು. ಅದರ 535ನೇ ನಿಯಮವನ್ನು ಒಮ್ಮೆ ಗುರುಗಳ ಹತ್ತಿರ ಕೇಳಿ ಓದಿ. ಯಾವ ಯಾವ ರಿಜಿಸ್ಟರ್ ಇರಬೇಕು, ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಆಮೇಲೆ ಏನೇನು ಸೇರಿಸಬೇಕು ಅಂತ ಅಲ್ಲಿದೆ.

ಹೊಸಬರಿಗೆ ಯಾರೂ ಬಿಡಿಸಿ ಹೇಳದ ವಿಷಯ ಇದೇ. ಜ್ಞಾನಸ್ನಾನದ ಸಾಲು ಬರೆದು ಮುಗಿಸುವಂಥದ್ದಲ್ಲ. ಆ ಮಗು ದೊಡ್ಡದಾಗಿ ದೃಢೀಕರಣ ಸಂಸ್ಕಾರ ಪಡೆದರೆ ಅದೇ ಸಾಲಿನ ಪಕ್ಕದಲ್ಲಿ ಬರೆಯಬೇಕು. ಮದುವೆಯಾದರೆ ಬರೆಯಬೇಕು. ಗುರುಪಟ್ಟ ಆದರೆ, ಸನ್ಯಾಸ ಸಭೆಯಲ್ಲಿ ಕೊನೆಯ ವ್ರತ ತೆಗೆದುಕೊಂಡರೆ ಬರೆಯಬೇಕು. ಮದುವೆ ಬೇರೆ ಊರಿನ ಚರ್ಚಿನಲ್ಲಾದರೆ ಅಲ್ಲಿನವರು ಪತ್ರ ಬರೆದು ತಿಳಿಸುತ್ತಾರೆ. ಆ ಪತ್ರ ಬಂದ ದಿನವೇ ರಿಜಿಸ್ಟರ್ ತೆಗೆದು ಪಕ್ಕದ ಜಾಗದಲ್ಲಿ ಸೇರಿಸುವಂತೆ ನೋಡಿಕೊಳ್ಳಿ, ಆಮೇಲೆ ನೋಡೋಣ ಅಂತ ಫೈಲಿಗೆ ಹಾಕಬೇಡಿ. ಮದುವೆಗೆ ಮುಂಚೆ ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಸರ್ಟಿಫಿಕೇಟ್ ಕೇಳುವುದು ಇದಕ್ಕೇ. ಮೊದಲೇ ಮದುವೆಯಾಗಿದ್ದರೆ ಹೊಸ ಪ್ರತಿಯಲ್ಲಿ ಆ ಟಿಪ್ಪಣಿ ಬಂದಿರುತ್ತದೆ.

ಹೆಸರಿನ ಅಕ್ಷರ ಒಂದೊಂದನ್ನೂ ಮನೆಯವರ ಎದುರಿಗೇ ಓದಿ ಹೇಳಿ ಬರೆಯಿರಿ. ತಪ್ಪು ಕಂಡರೆ ವೈಟ್ನರ್ ಹಚ್ಚಬೇಡಿ, ಉಜ್ಜಬೇಡಿ, ಸ್ವಂತವಾಗಿ ತಿದ್ದಲೇಬೇಡಿ. ಗುರುಗಳಿಗೆ ತೋರಿಸಿ. ಹಳೆಯ ಬರಹ ಕಾಣುವಂತೆಯೇ ಇರಬೇಕು, ತಿದ್ದಿದವರ ಸಹಿ ಮತ್ತು ತಾರೀಖು ಪಕ್ಕದಲ್ಲಿರಬೇಕು.

ಇನ್ನು ದುಃಖದಲ್ಲಿ ಬಂದವರ ಮುಂದೆ ಫಾರಂ ಚಾಚಬೇಡಿ. ಮೊದಲು ಕೂರಿಸಿ, ನೀರು ಕೊಡಿ, ತೀರಿಕೊಂಡವರ ಹೆಸರು ಕೇಳಿ. ಆ ಹೆಸರನ್ನು ನೀವೂ ಒಮ್ಮೆ ಹೇಳಿ. ಬೇಕಾದ ವಿವರಗಳೆಲ್ಲ ಅವರ ಮಾತಿನಲ್ಲೇ ಬಂದುಬಿಡುತ್ತವೆ, ಆಮೇಲೆ ಬರೆದುಕೊಂಡರಾಯಿತು.

ಎರಡನೇ ಪಾಳಿ
ನಾನು ಪ್ರೊಟೆಸ್ಟೆಂಟ್ ಸಭೆಯೊಂದರ ಆಫೀಸಿನಲ್ಲಿದ್ದೇನೆ. ಜ್ಞಾನಸ್ನಾನಕ್ಕೆ ನಮ್ಮಲ್ಲಿ ದೀಕ್ಷಾಸ್ನಾನ ಅನ್ನುತ್ತೇವೆ. ಸದಸ್ಯರ ಪಟ್ಟಿ, ಸಮಿತಿ ಸಭೆಯ ನಡಾವಳಿ ಪುಸ್ತಕ ನಮಗೆ ಬಹಳ ಮುಖ್ಯ. ಉಳಿದಂತೆ ಅಮ್ಮ ಹೇಳಿದ್ದೇ. ನಾನು ಸೇರಿಸುವುದು ದುಡ್ಡಿನ ವಿಷಯ. ಕಾಣಿಕೆ ಹಣವನ್ನು ಒಬ್ಬರೇ ಎಣಿಸಬೇಡಿ. ಒಂದೇ ಮನೆಯವರಲ್ಲದ ಇಬ್ಬರು ಒಟ್ಟಿಗೆ ಕೂತು ಎಣಿಸಿ, ಇಬ್ಬರೂ ಸಹಿ ಹಾಕಬೇಕು. ಯಾರ ಮೇಲೋ ಅನುಮಾನ ಅಂತಲ್ಲ. ನಾಳೆ ಯಾರಾದರೂ ಕೇಳಿದರೆ ನಿಮ್ಮನ್ನು ಕಾಪಾಡುವುದೇ ಆ ಎರಡು ಸಹಿ. ಲೆಕ್ಕ ಬರೆದು ಅನುಭವ ಇದೆ ಅಂದಿರಿ, ಇದು ನಿಮಗೆ ಸುಲಭ.

ದೂರದೂರು
ನನಗೊಂದು ಬೇಸರ ಇದೆ, ಹೇಳಿಬಿಡುತ್ತೇನೆ. ನಾನು ಬೇರೆ ದೇಶದಲ್ಲಿರುವುದು. ಮದುವೆಗೆ ಜ್ಞಾನಸ್ನಾನದ ಸರ್ಟಿಫಿಕೇಟ್ ಬೇಕಿತ್ತು. ರಿಜಿಸ್ಟರಿನ ಆ ಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ ಅಂದೆ. ಆಗಲ್ಲ ಅಂದರು. ನನ್ನ ಹೆಸರೇ ಇರುವ ಪುಟ, ನನಗೇ ಕೊಡಲ್ಲ ಅಂದರೆ ಏನರ್ಥ? ಎಲ್ಲರೂ ಆಫೀಸಿಗೇ ಬರಲು ಆಗುತ್ತದಾ?

ಗಂಟೆಗೋಪುರ
ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಆ ಪುಟದಲ್ಲಿ ನಿಮ್ಮೊಬ್ಬರ ಸಾಲು ಮಾತ್ರ ಇರುವುದಿಲ್ಲ, ಮೇಲೆ ಕೆಳಗೆ ಬೇರೆ ಮನೆಯವರದ್ದೂ ಇರುತ್ತದೆ. ಅವರ ತಂದೆ ತಾಯಿ ಯಾರು, ಮಗುವನ್ನು ದತ್ತು ತೆಗೆದುಕೊಂಡಿದ್ದಾರಾ ಅನ್ನುವಂಥ ವಿಷಯ ಕೂಡ ಅಲ್ಲಿರಬಹುದು. ಅದನ್ನು ಅವರು ನಿಮಗೆ ತೋರಿಸಲು ಒಪ್ಪಿಲ್ಲವಲ್ಲ. ಅದಕ್ಕೇ ಪುಟದ ಫೋಟೋ ಕೊಡುವುದಿಲ್ಲ, ನಿಮ್ಮ ಸಾಲಿನ ವಿವರವನ್ನು ಸರ್ಟಿಫಿಕೇಟಿನಲ್ಲಿ ಬರೆದು ಸಹಿ, ಮುದ್ರೆ ಹಾಕಿ ಕೊಡುತ್ತಾರೆ.

ದೂರದೂರು
ದತ್ತಿನ ವಿಷಯ ನನಗೆ ಹೊಳೆದಿರಲಿಲ್ಲ. ಫೋಟೋ ವಿಷಯ ಒಪ್ಪಿದೆ. ಆದರೂ ಅಮ್ಮ, "ಆಗಲ್ಲ" ಅನ್ನುವ ಒಂದೇ ಮಾತಿಗೆ ಫೋನ್ ಇಟ್ಟುಬಿಟ್ಟರೆ ನಾವು ಏನು ಮಾಡಬೇಕು?

ಗಂಟೆಗೋಪುರ
ಅಲ್ಲಿ ನಿಮ್ಮ ಮಾತೇ ಸರಿ. ಆಗಲ್ಲ ಅಂದ ಮೇಲೆ ಹೇಗೆ ಆಗುತ್ತದೆ ಅಂತ ಹೇಳುವುದೂ ಆಫೀಸಿನ ಕೆಲಸವೇ. ಪತ್ರದಲ್ಲೋ ಇಮೇಲಿನಲ್ಲೋ ಕೋರಿಕೆ, ಗುರುತಿನ ಚೀಟಿಯ ಪ್ರತಿ, ಯಾವುದಕ್ಕೆ ಬೇಕು ಅನ್ನುವ ಒಂದು ಸಾಲು. ಇಷ್ಟು ಬಂದರೆ ಗುರುಗಳನ್ನು ಕೇಳಿ ಅಂಚೆಯಲ್ಲಿ ಕಳಿಸಬಹುದು. ಅಥವಾ ನೀವು ಈಗ ಹೋಗುವ ಚರ್ಚಿಗೇ ನೇರವಾಗಿ ಕಳಿಸಬಹುದು. ಮಳೆಬಿಲ್ಲು, ಈ ನಾಲ್ಕು ವಾಕ್ಯ ಒಂದು ಹಾಳೆಯಲ್ಲಿ ಬರೆದು ಫೋನಿನ ಪಕ್ಕದಲ್ಲಿ ಅಂಟಿಸಿಕೊಳ್ಳಿ.

ಮಳೆಬಿಲ್ಲು
ಅಂಟಿಸಿದೆ ಅಮ್ಮಾ. ಇವತ್ತಿನ ಎರಡು ವಿಷಯ ಹೇಳಲೇಬೇಕು.

ಒಂದು, ರಿಜಿಸ್ಟರ್ ಎಲ್ಲಿದೆ ಅಂತ ನೋಡಿದೆ. ಎಲ್ಲಕ್ಕಿಂತ ಹಳೆಯವು ಕಪಾಟಿನ ತೀರಾ ಕೆಳಗಿನ ಅರೆಯಲ್ಲಿದ್ದವು. ಗೋಡೆಯ ಆಚೆ ಬಚ್ಚಲು. ಗೋಡೆಯಲ್ಲಿ ತೇವದ ಗುರುತು ಇನ್ನೂ ಮೇಲಕ್ಕೆ ಬಂದಿಲ್ಲ, ಆದರೆ ನೆಲದ ಹತ್ತಿರ ಬಣ್ಣ ಉಬ್ಬಿದೆ. ಮನೆಯಲ್ಲಿ ಆಗಿದ್ದನ್ನು ಫಾದರ್‌ಗೆ ಹೇಳಿದೆ. ಅವರು ಒಂದು ಮಾತೂ ಆಡದೆ ತೋಳು ಮಡಚಿ ಎತ್ತಲು ನಿಂತರು. ಈಗ ಎಲ್ಲವೂ ಇನ್ನೊಂದು ಗೋಡೆಯ ಸ್ಟೀಲ್ ಕಪಾಟಿನ ಮೇಲಿನ ಅರೆಗಳಲ್ಲಿವೆ.

ಎರಡು, ಮಧ್ಯಾಹ್ನ ಒಬ್ಬ ತಾತ ಬಂದರು. ಅವರಿಗೆ ಹುಟ್ಟಿದ ವರ್ಷ ಖಚಿತವಾಗಿ ಗೊತ್ತಿಲ್ಲ. ಅವರು ಹೇಳಿದ ಹೆಸರು ಎಲ್ಲೂ ಸಿಗಲಿಲ್ಲ. ಹೊರಟು ನಿಂತವರನ್ನು ಕೂರಿಸಿ, ನಿಮ್ಮ ಜ್ಞಾನ ತಂದೆ ತಾಯಿ, ಅಂದರೆ ಜ್ಞಾನಸ್ನಾನದಲ್ಲಿ ನಿಮ್ಮ ಹೊಣೆ ಹೊತ್ತು ನಿಂತವರು ಯಾರು ಅಂತ ಕೇಳಿದೆ. ಜ್ಞಾನ ತಾಯಿಯ ಹೆಸರು ಥಟ್ಟನೆ ಹೇಳಿದರು. ಆ ಹೆಸರು ಹಿಡಿದು ಹುಡುಕಿದರೆ ಸಿಕ್ಕಿತು! ಮನೆಯಲ್ಲಿ ಕರೆಯುವ ಹೆಸರೇ ಬೇರೆ, ಜ್ಞಾನಸ್ನಾನದ ಹೆಸರೇ ಬೇರೆಯಾಗಿತ್ತು. ಅವರ ಸಾಲನ್ನು ಓದಿ ಹೇಳಿದೆ. ತಾಯಿಯ ಹೆಸರು ಬಂದಾಗ ಇನ್ನೊಮ್ಮೆ ಓದಮ್ಮ ಅಂದರು. ನನಗೆ ಗಂಟಲು ಕಟ್ಟಿತು. ಆ ಸಾಲು ಬರೆದವರು ಯಾರೋ ಗೊತ್ತಿಲ್ಲ, ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರೆ.

ಹಳೆ ಕಾಗದ
ಕಪಾಟು ಬದಲಾಯಿಸಿದ್ದು ಕೇಳಿ ತುಂಬ ಸಂತೋಷವಾಯಿತು. ಇನ್ನೊಂದು ಮಾಡಿಸಿ. ರಿಜಿಸ್ಟರ್ ಗೋಡೆಗೆ ತಾಗದಂತೆ ಹಿಂದೆ ಸ್ವಲ್ಪ ಜಾಗ ಇರಲಿ, ಗಾಳಿಯಾಡಲಿ. ಹರಿದ ಹಾಳೆಗೆ ಸೆಲ್ಲೋ ಟೇಪ್ ಹಚ್ಚಬೇಡಿ, ಕಾಲ ಕಳೆದಂತೆ ಆ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಕೂಡ ಬೇಡ, ಮತ್ತೆ ಬಿಡಿಸಲು ಬರುವುದಿಲ್ಲ. ಫಾದರ್ ಒಪ್ಪಿದರೆ ಎಲ್ಲ ಪುಟಗಳನ್ನು ಸ್ಕ್ಯಾನ್ ಮಾಡಿ ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇಡಿಸಿ. ಆ ಪ್ರತಿಗೂ ಮೂಲದಷ್ಟೇ ಬೀಗ ಇರಲಿ.

ಮನೆಯ ಕಾಗದಗಳು ಹೇಗಿವೆ?

ಮಳೆಬಿಲ್ಲು
ಪತ್ರಗಳಲ್ಲಿ ಮುಕ್ಕಾಲು ಪಾಲು ಓದಲು ಬರುತ್ತವೆ. ಫೋಟೋಗಳು ಅಂಚಿನಲ್ಲಿ ಸ್ವಲ್ಪ ಸುರುಟಿವೆ, ಮುಖಗಳು ಚೆನ್ನಾಗಿವೆ. ಅಮ್ಮನ ಸರ್ಟಿಫಿಕೇಟಿನಲ್ಲಿ ತಾರೀಖು ಅಳಿಸಿಹೋಗಿದೆ. ಹೊಸ ಪ್ರತಿಗೆ ಅವರ ಹಳೆಯ ಚರ್ಚಿಗೆ ಅರ್ಜಿ ಬರೆದೆ. ತಂದೆ ತಾಯಿಯ ಹೆಸರು, ಜ್ಞಾನ ತಂದೆ ತಾಯಿಯ ಹೆಸರು, ಅಂದಾಜು ವರ್ಷ ಎಲ್ಲ ಹಾಕಿದ್ದೇನೆ. ಆಚೆ ಕಡೆ ಕೂತು ಹುಡುಕುವವರ ಕಷ್ಟ ಈಗ ನನಗೆ ಗೊತ್ತು.

ಈಗ ಕೊನೆಯ ಪ್ರಶ್ನೆ. 2027ರ ಕ್ಯಾಲೆಂಡರ್ ಕರಡು ಸಿದ್ಧ ಮಾಡು ಅಂದಿದ್ದಾರೆ. ಹಬ್ಬಗಳು ಪ್ರತಿ ವರ್ಷ ಸರಿಯುತ್ತವೆ, ಎಲ್ಲಿಂದ ಶುರು ಮಾಡಲಿ? ಭಾನುವಾರದ ಹಾಳೆಯೂ ನನ್ನದೇ ಜವಾಬ್ದಾರಿ.

ಎರಡನೇ ಪಾಳಿ
ಮೊದಲು ಈಸ್ಟರ್ ಗುರುತು ಮಾಡಿ, ಉಳಿದವು ಅದರ ಹಿಂದೆ ಮುಂದೆ ಬರುತ್ತವೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಆದ ಮೇಲಿನ ಭಾನುವಾರ ಈಸ್ಟರ್. ಈ ಹುಣ್ಣಿಮೆಯನ್ನು ಚರ್ಚಿನ ಲೆಕ್ಕದ ಪಟ್ಟಿಯಿಂದ ತೆಗೆದುಕೊಳ್ಳುತ್ತಾರೆ, ಆಕಾಶ ನೋಡಿ ಅಲ್ಲ. ಹಾಗಾಗಿ ಈಸ್ಟರ್ ಮಾರ್ಚ್ 22ಕ್ಕಿಂತ ಮುಂಚೆ, ಏಪ್ರಿಲ್ 25ರ ನಂತರ ಬರುವುದಿಲ್ಲ. 2027ರಲ್ಲಿ ಅದು ಮಾರ್ಚ್ 28. ಅಲ್ಲಿಂದ 46 ದಿನ ಹಿಂದೆ ಹೋದರೆ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಫೆಬ್ರವರಿ 10. ಏಳು ವಾರ ಮುಂದೆ ಹೋದರೆ ಪವಿತ್ರಾತ್ಮರ ಹಬ್ಬ, ಮೇ 16. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರದಿಂದ ಆಗಮನ ಕಾಲ, ಆ ವರ್ಷ ನವೆಂಬರ್ 28. ಈಸ್ಟರ್ ಬೇಗ ಬಂದಿದೆ ನೋಡಿ. ತಪಸ್ಸುಕಾಲದ ಕಾರ್ಯಕ್ರಮಗಳನ್ನು ಜನವರಿಯಲ್ಲೇ ನಿಗದಿ ಮಾಡಿಕೊಳ್ಳಿ. ತಪಸ್ಸುಕಾಲದಲ್ಲಿ ಮದುವೆ ಕೇಳಿ ಬಂದವರಿಗೆ ತಾರೀಖು ಕೊಡುವ ಮುಂಚೆ ಗುರುಗಳ ಹತ್ತಿರ ಮಾತಾಡಿ.

ಗಂಟೆಗೋಪುರ
ಕ್ಯಾಲೆಂಡರ್ ಬಗ್ಗೆ ನನಗಿಂತ ಚೆನ್ನಾಗಿ ಹೇಳಿದರು. ಧರ್ಮಪ್ರಾಂತ್ಯದಿಂದ (ಬಿಷಪ್ಪರ ಕಚೇರಿಯಿಂದ) ಬರುವ ಪಟ್ಟಿಯ ಜೊತೆ ಒಮ್ಮೆ ತಾಳೆ ನೋಡಿ, ಅಷ್ಟೇ.

ಭಾನುವಾರದ ಹಾಳೆಗೆ ನನ್ನ ಪದ್ಧತಿ ಹೇಳುತ್ತೇನೆ. ಪೂಜೆಯ ಕೋರಿಕೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಬೇಡಿ. ಅದಕ್ಕೆಂದೇ ಪುಸ್ತಕ ಇರಬೇಕು. ಯಾರಿಗಾಗಿ, ಯಾವ ದಿನ, ಕಾಣಿಕೆ ಎಷ್ಟು, ಪೂಜೆ ಆಯಿತಾ, ಎಲ್ಲ ಅದರಲ್ಲೇ. ಹಾಳೆಯನ್ನು ಶುಕ್ರವಾರ ಸಂಜೆ ಮುಗಿಸಿ. ಶನಿವಾರ ಬೆಳಿಗ್ಗೆ ಆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹೆಸರುಗಳನ್ನು ಮಾತ್ರ ಗಟ್ಟಿಯಾಗಿ ಓದಿ. ಬದುಕಿರುವವರ ಸ್ವಾಸ್ಥ್ಯಕ್ಕಾಗಿ ಕೇಳಿದ ಪೂಜೆ, ತೀರಿಕೊಂಡವರ ಆತ್ಮಶಾಂತಿಗಾಗಿ ಕೇಳಿದ ಪೂಜೆ, ಈ ಎರಡು ಪಟ್ಟಿಗಳು ಒಂದರೊಳಗೊಂದು ಸೇರದಂತೆ ಬೇರೆ ಯಾರಾದರೂ ಒಬ್ಬರು ನೋಡಲಿ. ಆ ಮೇಲೆ ಪ್ರಿಂಟ್ ಕೊಡಿ.

ಮಳೆಬಿಲ್ಲು
ಪುಸ್ತಕ ಇದೆ ಅಮ್ಮಾ, ಆದರೆ ಕಳೆದ ತಿಂಗಳ ಚೀಟಿಗಳು ಒಂದು ಡಬ್ಬಿಯಲ್ಲಿ ಹಾಗೇ ಉಳಿದಿವೆ. ನಾಳೆ ಮೊದಲು ಅವನ್ನು ಪುಸ್ತಕಕ್ಕೆ ಏರಿಸುತ್ತೇನೆ. ಎರಡು ಪಟ್ಟಿ ನೋಡಲು ಗಾಯನ ಮಂಡಳಿಯ ಅಕ್ಕ ಒಬ್ಬರು ಒಪ್ಪಿದ್ದಾರೆ, ಶನಿವಾರ ಒಂಬತ್ತಕ್ಕೆ ಬರುತ್ತೇನೆ ಅಂದಿದ್ದಾರೆ.